ಗೇಣಗಲದ ಸಂದು

“ಬಸವಂತಣ್ಣಾ, ಸೊಲ್ಪ ಇತ್ತಾಗ ಸರೀರಿ. ಭುಜಕ್ಕ ಭುಜ ಹತ್ಲಿ,” ಎಂದ ನಸೀರುದ್ದೀನ, ಕ್ಯಾಮೆರಾದಿಂದ ಕಣ್ಣು ತೆಗೆಯದೆ.

“ಇಷ್ಟ ಸಾಕು, ಹೊಡಿ,” ಎಂದು ಬಸವಂತರಾಯ ಗದರಿದ.

“ಅವನಿಗಿ ಹತ್ತಿ ಕುಂದ್ರಬೇಕಂತ ನನಗೂ ಏನ್ ಆಸಿ ಇಲ್ಲ,” ಎಂದ ತಮ್ಮ ಅಮೋಘಸಿದ್ದ, ಬೇರೆ ಎತ್ತಲೋ ನೋಡುತ್ತ.

ಕಾಲುವೆ ನೀರಿನ ಪಾಳಿಗಾಗಿ ಜಗಳಾಡಿ ಹನ್ನೊಂದು ವರ್ಷದಿಂದ ಮಾತು ಬಿಟ್ಟವರು ಅವರು. ಒಬ್ಬನ ಅಂಗಳಕ್ಕೆ ಇನ್ನೊಬ್ಬ ಕಾಲಿಡುವವನಲ್ಲ; ಅದಕ್ಕೇ ಸಗರ ಊರಿನ ಹೊರಗೆ, ಕಾಲುವೆ ಏರಿಯ ಮೇಲೆ ಚಾಪೆ ಹಾಸಬೇಕಾಯಿತು. ತಾಯಿ ಮಲಕಮ್ಮ ಎರಡು ದಿನ ಉಪವಾಸ ಕುಳಿತು, ಒಂದೇ ಒಂದು ಸಲ ಕೂಡಿ ಫೋಟೊ ತೆಗೆಸಿಕೊಳ್ಳಿರೆಂದು ಇಬ್ಬರನ್ನೂ ಒಪ್ಪಿಸಿದ್ದಳು.

“ನೀವರ ನಡುವ ಕುಂದರ್ರಿ ಯವ್ವಾ,” ಎಂದ ನಸೀರುದ್ದೀನ.

“ನಾ ಕುಂತ್ರ, ಮುದುಕಿ ಹಿಡಕೊಂಡು ಕುಂತಾಳ ಅಂತಾರ ಮಂದಿ. ಅವರಿಬ್ರೂ ತಾವಾಗೆ ಕೂಡಿ ಕುಂತಿದ್ದು ಬೇಕಪಾ ನನಗ.”

ಇಬ್ಬರ ನಡುವೆ ಗೇಣಗಲದ ಸಂದು ಉಳಿಯಿತು. ಚೌಕಟ್ಟಿನ ನಡುವಿನ ಚುಕ್ಕಿ ಎಲ್ಲಿ ಕೂರುತ್ತದೋ ಅಲ್ಲಿಗೇ ಕ್ಯಾಮೆರಾ ಫೋಕಸ್ ಹಿಡಿಯುತ್ತದೆ; ಅದು ಸಂದಿನೊಳಗೆ ತೂರಿತೆಂದರೆ ಮನುಷ್ಯರು ಮಸುಕಾಗಿ ಹಿಂದಿನದೇ ಎದ್ದು ಕಾಣುತ್ತದೆ. ನಸೀರುದ್ದೀನನಿಗೆ ಇದು ಗೊತ್ತಿರದ ಸಂಗತಿಯೇ? ಚುಕ್ಕಿಯನ್ನು ಅಣ್ಣನ ಹಣೆಗಿಟ್ಟು, ಫೋಕಸ್ ಅಲ್ಲೇ ನಿಲ್ಲಲೆಂದು ಗುಂಡಿಯನ್ನು ಅರ್ಧ ಒತ್ತಿ ಹಿಡಿದ. ಬೆರಳು ಸಡಿಲಿಸದೆ ಕ್ಯಾಮೆರಾ ಸರಿಸಿ ಇಬ್ಬರನ್ನೂ ಒಳಗೆ ತಂದ. ಫೋಕಸ್ ಸಿಕ್ಕಾಗ ಬರುವ ‘ಪೀಂ’ ಎಂಬ ಸದ್ದು ಮಾತ್ರ ಬರಲಿಲ್ಲ. ಬರಲಿಲ್ಲವೆಂಬುದು ಅವನಿಗೆ ತಿಳಿಯಿತು ಕೂಡ. ಆದರೆ ಬಸವಂತರಾಯ ಆಗಲೇ ಟವೆಲ್ ಕೊಡವಿ ಹೆಗಲಿಗೆ ಹಾಕುತ್ತಿದ್ದ. ಎಲ್ಲಿ ಎದ್ದುಬಿಡುತ್ತಾನೋ ಎಂದು ಮೂರು ಸಲ ಪಟಪಟ ಒತ್ತಿದ. ಹಿಂದಿನ ಪುಟ್ಟ ಪರದೆಯಲ್ಲಿ ಎಲ್ಲ ಚೆಂದವೇ ಕಂಡಿತು.

ಶಹಾಪುರದ ತನ್ನ ಫೋಟೊ ಅಂಗಡಿಗೆ ಬಂದು ಕಂಪ್ಯೂಟರಿನಲ್ಲಿ ತೆರೆದು ದೊಡ್ಡದು ಮಾಡಿದ. ಸಂದಿನಲ್ಲಿ ಕಾಲುವೆಯ ಗೇಟು, ಅದರ ತುಕ್ಕು, ಬಣ್ಣದಲ್ಲಿ ಬರೆದ ನಂಬರು, ಎಲ್ಲ ಸ್ಪಷ್ಟ. ಅಣ್ಣತಮ್ಮಂದಿರಿಬ್ಬರೂ ಹಬೆಯ ಆಚೆ ಕುಳಿತವರಂತೆ. ಮೂರರಲ್ಲೂ ಅದೇ ಕತೆ. ಲೆನ್ಸು ಒರೆಸಿದ. ಗೋಡೆಯ ಕ್ಯಾಲೆಂಡರಿಗೆ ಹಿಡಿದು ನೋಡಿದ, ತಾರೀಕು ನೀಟಾಗಿ ಬಂತು. ಅರ್ಧ ಒತ್ತಿ ಹಿಡಿದು ಅತ್ತ ಸರಿಸಿದ. ಫೋಕಸೂ ಅತ್ತಲೇ ಸರಿಯಿತು. ಬೆರಳಿಗೆ ಅದು ನಿಲ್ಲುತ್ತಲೇ ಇಲ್ಲ! ಆಗ ನೆನಪಾಯಿತು. ಭಾನುವಾರ ಗೋಗಿಯಲ್ಲಿ ಟಗರಿನ ಕಾಳಗದ ಫೋಟೊ ತೆಗೆಯುವಾಗ, ಓಡುವುದನ್ನು ಬೆನ್ನಟ್ಟುವ ಮೋಡ್‌ಗೆ ಕ್ಯಾಮೆರಾವನ್ನು ತಾನೇ ಹಾಕಿದ್ದ. ಅದರಲ್ಲಿ ಎಷ್ಟು ಒತ್ತಿ ಹಿಡಿದರೂ ಚುಕ್ಕಿ ಹೋದಲ್ಲೆಲ್ಲ ಕ್ಯಾಮೆರಾ ಹೊಸದಾಗಿ ಹುಡುಕುತ್ತದೆ, ‘ಪೀಂ’ ಎನ್ನುವುದೂ ಇಲ್ಲ. ಟಗರುಗಳಿಗೆ ಇಟ್ಟದ್ದನ್ನು ಬದಲಿಸದೆ ಈ ಅಣ್ಣತಮ್ಮಂದಿರನ್ನು ಕೂರಿಸಿದ್ದ.

ಫೋನು ಹಚ್ಚಿದ. “ಅವ್ವಗ ಕೊಟ್ಟ ಮಾತು ಒಂದ್ ಸಲದ್ದು. ಕುಂತೆ, ಮುಗೀತು,” ಎಂದ ಬಸವಂತರಾಯ. “ಮೊದಲ ಅವನ್ನ ಕುಂದ್ರಸು, ಆಮ್ಯಾಲ ನನ್ನ ಕರಿ,” ಎಂದು ಅಮೋಘಸಿದ್ದ ಕಟ್ ಮಾಡಿದ. ಆ ಒಂದು ‘ಪೀಂ’ ಯಾಕೆ ಬರಲಿಲ್ಲವೆಂದು ಅಲ್ಲೇ ಇನ್ನೊಂದು ಗಳಿಗೆ ನೋಡಿದ್ದರೆ! ಬಸವಂತರಾಯ ಬೈದರೆ ಬೈಸಿಕೊಳ್ಳಬಹುದಿತ್ತು.

ನಾಲ್ಕನೆಯ ದಿನ ಮಲಕಮ್ಮ ಆಟೊ ಇಳಿದು ತಾನೇ ಬಂದಳು. ನಿಜ ಹೇಳಿಬಿಡಬೇಕೆಂದು, ಮೂರರಲ್ಲಿ ವಾಸಿ ಎನಿಸಿದ್ದ ಒಂದನ್ನು ಅವಳ ಕೈಗಿಟ್ಟ. ಅವಳು ದೂರ ಹಿಡಿದಳು, ಹತ್ತಿರ ಹಿಡಿದಳು.

“ಮಾರಿ ಮಸಕ್ ಮಸಕ್ ಕಾಣಾಕತ್ಯಾವಲ್ಲೊ ನಸೀರಾ.”

“ಯವ್ವಾ, ಅದು... ತಪ್ಪು ನಂದs ರೀ...”

“ನಿಂದ್ಯಾಕಪಾ ತಪ್ಪು, ಹುಚ್ಚಾ! ನನ್ನ ಕಣ್ಣಿಗಿ ಪೊರಿ ಬಂದಾದ,” ಎಂದು ಮಲಕಮ್ಮ ನಕ್ಕಳು. ಫೋಟೊವನ್ನು ಸೆರಗಿನಿಂದ ಒರೆಸಿ ಎದೆಗೆ ಒತ್ತಿಕೊಂಡಳು. “ಬರೂ ಸೋಮವಾರ ಆಪರೇಷನ್ ಅದ. ಪಟ್ಟಿ ಬಿಚ್ಚಿದ ಕೂಡ್ಲೆ ಮೊದಲ ಇದನ್ನ ನೋಡ್ತೀನಿ.”