ಪಕ್ಕದ ಸೀಟು

ಶಿವಮೊಗ್ಗದ ಬಸ್ಸು ಮಲವಗೊಪ್ಪ ಮುಟ್ಟುವ ಮೊದಲೇ, ಭದ್ರಾವತಿಯಲ್ಲಿ ಹತ್ತಿದ್ದ ದಿವ್ಯಶ್ರೀ ಪಕ್ಕದ ಸೀಟಿನಿಂದ ತನ್ನ ಬ್ಯಾಗನ್ನು ಎತ್ತಿಕೊಂಡಳು. ದಿನವೂ ಗೆಳತಿ ಅಮೂಲ್ಯಾಳಿಗೆಂದು ಅವಳು ಹಿಡಿದಿಡುತ್ತಿದ್ದ ಜಾಗದಲ್ಲಿ ಒಬ್ಬ ಅಜ್ಜಿ ಕೂತರು.

ನಿನ್ನೆ ಕ್ಲಾಸಿನಲ್ಲಿ ಮೇಷ್ಟ್ರು, ಅರಿಷಡ್ವರ್ಗದಲ್ಲಿ ನಿಮ್ಮದು ಯಾವುದು ಎಂದು ಕೇಳಿದ್ದರು. "ಕ್ರೋಧ ಅಂದ್ರೆ ಆಟಿಟ್ಯೂಡ್ ಸರ್", "ಲೋಭ ಇಲ್ದೆ ಸ್ಟಾರ್ಟಪ್ ಆಗುತ್ತಾ ಸರ್?" ಎಂದು ಎಲ್ಲರೂ ನಗುತ್ತಾ ಕೈ ಎತ್ತಿದ್ದರು. ಮತ್ಸರಕ್ಕೆ ಮಾತ್ರ ಒಂದು ಕೈಯೂ ಏಳಲಿಲ್ಲ. ಅದೇ ಸಂಜೆ ರಾಜ್ಯಮಟ್ಟದ ಚರ್ಚಾಸ್ಪರ್ಧೆಗೆ ಅಮೂಲ್ಯಾ ಆಯ್ಕೆಯಾದಳು. ದಿವ್ಯಶ್ರೀ ಆಗಲಿಲ್ಲ.

ಮಲವಗೊಪ್ಪದಲ್ಲಿ ಬಸ್ಸು ಹತ್ತಿದ ಅಮೂಲ್ಯಾ ಅಜ್ಜಿಯನ್ನು ನೋಡಿದಳು. ಏನೂ ಕೇಳದೆ, ನಿಂತವರು ಕೂತವರಿಗೆ ಕೊಡುವ ಹಾಗೆ ತನ್ನ ಬ್ಯಾಗನ್ನು ಗೆಳತಿಯ ಮಡಿಲಿಗೆ ಕೊಟ್ಟು ಕಂಬಿ ಹಿಡಿದಳು. ದಿವ್ಯಶ್ರೀ ಅದನ್ನು ತನ್ನ ಬ್ಯಾಗಿನ ಮೇಲಿಟ್ಟುಕೊಂಡು ತಲೆ ಎತ್ತಿದಳು.

"ನಂದು ಮತ್ಸರ ಕಣೇ. ಬೇಕಂತಲೇ ಸೀಟು ಹಿಡೀಲಿಲ್ಲ."

"ಗೊತ್ತಾಯ್ತು ಮಾರಾಯ್ತಿ." ಅಮ್ಮನನ್ನು ಎಳವೆಯಲ್ಲೇ ಕಳೆದುಕೊಂಡಿದ್ದ ಅಮೂಲ್ಯಾ ಕಿಟಕಿಯಾಚೆ ನೋಡಿದಳು. "ನಂಗೂ ಇದೆ. ನಿಮ್ಮಮ್ಮ ಕಟ್ಟಿಕೊಟ್ಟ ಡಬ್ಬಿ ನೀನು ತೆಗೆದಾಗೆಲ್ಲ."

ದಿವ್ಯಶ್ರೀ ಕಿಟಕಿಗೆ ಒತ್ತಿಕೊಂಡು ಕೂತಳು.

"ಅಜ್ಜಿ, ಚೂರು ಈಚೆ ಬನ್ನಿ. ಇವಳೂ ಕೂರ್ತಾಳೆ."