ಕೃಪಾಳ ಎಡಗಿವಿ

ತೊಳೆದ ಚೂಡಿದಾರವನ್ನು ದಾಕ್ಷಾಯಣಮ್ಮ ಹಿಂಡುತ್ತಿದ್ದ ರೀತಿ ನೋಡಿದರೆ, ಅವರ ಕೈಯಲ್ಲಿರುವುದು ಬಟ್ಟೆಯಲ್ಲ, ಯಾರದೋ ಕುತ್ತಿಗೆ ಎನಿಸುತ್ತಿತ್ತು.

"ಅಮ್ಮಾ, ಹರಿದುಹೋಗುತ್ತೆ ಬಿಡಿ," ಎಂದಳು ಕೃಪಾ, ಲಾಡ್ಜಿನ ಮಂಚದ ಮೇಲೆ ಚೀಲ ತುಂಬುತ್ತಾ.

"ಹರೀಲಿ. ಮನುಷ್ಯರಿಗೆ ಏಟು ಬಿದ್ದಾಗ್ಲೇ ಬಾಯಿ ಮುಚ್ಕೊಂಡಿದ್ದೋಳು ನಾನು. ಬಟ್ಟೆಗೆ ಅಳ್ತೀನಾ?"

ಹಿಂದಿನ ದಿನ ತಿರುವನಂತಪುರದಿಂದ ಬಂದು ಕೊಚ್ಚಿಯ ವೈಟ್ಟಿಲದಲ್ಲಿ ಬಸ್ಸಿಳಿದಾಗಿನಿಂದ ಅವರ ಮಾತೆಲ್ಲ ಹೀಗೇ, ಒಗ್ಗರಣೆಗೆ ಬಿದ್ದ ಸಾಸಿವೆಯಂತೆ ಸಿಡಿಯುತ್ತಿತ್ತು.

ಸಂಜೆಗೆ ಹಡಗು. ಲಕ್ಷದ್ವೀಪಕ್ಕೆ ಹೋಗಿ ಬರುವ ವಿಹಾರ. ಬಾಹ್ಯಾಕಾಶ ಕೇಂದ್ರದ ಕೆಲಸಕ್ಕೆ ರಜೆ ಹಾಕಿ ಕೃಪಾಳೇ ಟಿಕೆಟ್ ತೆಗೆಸಿದ್ದಳು. ಹಡಗು ಹತ್ತುವ ತನಕ ಕೊಚ್ಚಿಯನ್ನು ನಡೆದೇ ಸುತ್ತಬೇಕೆಂಬುದು ಅವಳ ಆಸೆ.

ದಾಕ್ಷಾಯಣಮ್ಮನ ಕೈಚೀಲದಲ್ಲಿ ಒಂದು ಲಕೋಟೆಯಿತ್ತು. ಕೃಪಾಳಿಗೆ ಅವಳ ಗಂಡ ರಾಜೀವ ಹೊಡೆದದ್ದನ್ನು ಕಣ್ಣಾರೆ ಕಂಡವರು ಅವರೊಬ್ಬರೇ. ಕಂಡದ್ದನ್ನು ಸ್ವಂತ ಕೈಯಲ್ಲಿ ಬರೆದು, ಸಹಿ ಹಾಕಿ ಕೊಡಿ ಎಂದು ವಕೀಲ ವಿಲ್ಸನ್ ಕೇಳಿ ವರ್ಷದ ಮೇಲಾಗಿತ್ತು. ಬರೆಯಲು ಕಷ್ಟವಾಗಲಿಲ್ಲ, ಕನ್ನಡ ಸಂಘದ ರಾತ್ರಿ ತರಗತಿಗೆ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ ಅವರಿಗೆ ಅಕ್ಷರ ಕಲಿಸಿದ್ದು ಇದೇ ಕೃಪಾ. ಕೊಡುವುದು ಮಾತ್ರ ಆಗಲಿಲ್ಲ. ವಿಲ್ಸನ್ ಕಚೇರಿಯ ಮೆಟ್ಟಿಲ ಬಳಿಗೆ ಬಂದಾಗಲೆಲ್ಲ ಕಾಲು ಏಳುತ್ತಿರಲಿಲ್ಲ.

ಸೋಮವಾರ ವಿಚಾರಣೆ. ಹಡಗು ಮರಳುವುದು ಅದಾದ ಮೇಲೆ. ಕಾಗದ ಇವತ್ತು ಅಂಚೆಗೆ ಬೀಳದಿದ್ದರೆ ರಾಜೀವ ಮೀಸೆ ತಿರುವಿಕೊಂಡು ಕೇಸಿನಿಂದ ಹೊರಗೆ ಬರುತ್ತಾನೆ.

"ಆಗ್ದಿದ್ರೆ ಬೇಡಮ್ಮ. ನಿಮ್ಮ ಕಷ್ಟ ನನಗೆ ಗೊತ್ತು," ಎಂದಿದ್ದಳು ಕೃಪಾ. ದಾಕ್ಷಾಯಣಮ್ಮನಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಆ ಮಾತಿಗೇ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಕಲೂರಿನ ಲಾಡ್ಜಿನಿಂದ ಜೆಟ್ಟಿಯವರೆಗೆ ನಡೆದು ಬೋಟು ಹತ್ತಿದರು. ದೂರದಲ್ಲಿ ವಲ್ಲಾರ್ಪಾಡಂನ ಕ್ರೇನುಗಳು ಹಡಗಿನ ಹೊಟ್ಟೆಯಿಂದ ಕಬ್ಬಿಣದ ಪೆಟ್ಟಿಗೆಗಳನ್ನು ಎತ್ತುತ್ತಿದ್ದವು.

"ನೋಡಿ ಅಮ್ಮ, ಜಿರಾಫೆ ಸಾಲು ನಿಂತ ಹಾಗಿದೆ."

"ಹೂಂ. ಅವು ಅಷ್ಟೆಲ್ಲ ಎತ್ತುತ್ವೆ. ನನಗೆ ಒಂದು ಕಾಗದ ಎತ್ತೋಕಾಗಲ್ಲ."

ಫೋರ್ಟ್ ಕೊಚ್ಚಿಯಲ್ಲಿ ಬಿಸಿಲು ನೆತ್ತಿಗೇರಿತ್ತು. ದಾಕ್ಷಾಯಣಮ್ಮ ಎಂದಿನಂತೆ ಕೃಪಾಳ ಬಲಕ್ಕೇ ನಡೆದರು. ಅವಳ ಎಡಗಿವಿ ಕೇಳಿಸುವುದಿಲ್ಲ. ಹುಟ್ಟಿನಿಂದ ಬಂದದ್ದಲ್ಲ; ಒಂದು ಸಂಜೆ, ಸಾರಿಗೆ ಉಪ್ಪು ಹೆಚ್ಚಾದದ್ದಕ್ಕೆ ಬಂದದ್ದು. ಸುದ್ದಿ ತಿಳಿದ ಹಾಸನದ ನೆಂಟರೆಲ್ಲ ಫೋನು ಮಾಡಿ 'ಹೊಂದ್ಕೊಂಡು ಹೋಗಮ್ಮ' ಎಂದರು. ಅವರ ಹೆಸರುಗಳನ್ನು ಕೃಪಾ ಈಗ ಎತ್ತುವುದಿಲ್ಲ.

ಟೊಪ್ಪಿ ಮಾರುವವಳೊಬ್ಬಳು ಅಡ್ಡ ಬಂದಳು. "ಅಮ್ಮಯುಂ ಮೋಳುಂ ಒರೇ ಮುಖಂ!" ತಾಯಿ ಮಗಳದು ಒಂದೇ ಮುಖವಂತೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕುಬಿಟ್ಟರು. ಆ ದಿನದ ಮೊದಲ ನಗು ಅದು. ಟೊಪ್ಪಿ ಕೊಂಡದ್ದೂ ಅದಕ್ಕೇ.

ನಗು ಚಹಾದಂಗಡಿಯವರೆಗೂ ಉಳಿಯಲಿಲ್ಲ. ಕೃಪಾ ತರಿಸಿದ ಪಳಂಪೊರಿಯನ್ನು, ಆ ಬಿಸಿ ಬಾಳೆಹಣ್ಣಿನ ಬೋಂಡವನ್ನು, ದಾಕ್ಷಾಯಣಮ್ಮ ಮುರಿದರು. ಮುರಿದದ್ದನ್ನು ತಟ್ಟೆಗೇ ಎಸೆದರು.

"ಅವನಿಗೆ ಇದು ಅಂದ್ರೆ ಪ್ರಾಣ."

"ಅವರಿಗೆ ಪ್ರಾಣ ಅಂತ ನೀವ್ಯಾಕೆ ಉಪವಾಸ? ತಿನ್ನಿ."

ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ರಾಜೀವ. ಮಾತಿಗೆ ಮೊದಲು ಗಂಟಲು ಸರಿಮಾಡಿಕೊಂಡ. ಸುಳ್ಳು ಹೇಳುವ ಮುಂಚೆ ಅವನು ಯಾವತ್ತೂ ಹಾಗೇ.

"ನಾನೀಗ ಬದಲಾಗಿದ್ದೀನಿ. ಆ ಕಾಗದ ಹರಿದು ಬಿಸಾಕಿದ್ರೆ ಎಲ್ಲ ಸರಿಹೋಗುತ್ತೆ. ಮನೆ ಮಾನ ಅಂತ ಒಂದಿದೆ. ಹೋಗೋದು ನನ್ನೊಬ್ಬನದಲ್ಲ."

"ಅವಳ ಕಿವಿ ವಾಪಸ್ ತಂದ್ಕೊಡು. ಆಮೇಲೆ ಮಾನದ ಮಾತಾಡೋಣ."

ಫೋನು ಕುಕ್ಕಿದರು. ಆದರೂ ಅಂಚೆ ಕಚೇರಿಯ ಬೋರ್ಡು ಕಂಡಾಗ ಮುಖ ತಿರುಗಿಸಿ, ಮೀನುಬಲೆಗಳಿದ್ದ ದಂಡೆಯ ಕಡೆಗೆ ಹೆಜ್ಜೆ ಹಾಕಿದರು. ಕೃಪಾ ಬೋರ್ಡು ನೋಡಿ, ಅವರ ಜೊತೆಗೇ ನಡೆದಳು.

ಸ್ಕೂಟರ್ ಬಂದದ್ದು ಎಡದಿಂದ. ಹಾರ್ನಿನ ಮೇಲೆ ಹಾರ್ನು. ದಾಕ್ಷಾಯಣಮ್ಮ ಕೈ ಹಿಡಿದು ಎಳೆಯುವಷ್ಟರಲ್ಲಿ ಕನ್ನಡಿ ಕೃಪಾಳ ಮೊಣಕೈಗೆ ತಗುಲಿ, ಹೊಸ ಟೊಪ್ಪಿ ಚಕ್ರದಡಿ ಸೇರಿತು. "ಚೆವಿ ಕೇಳ್ಕಿಲ್ಲೇ?" ಎಂದು ಸವಾರ ಗದರಿದ. ಕಿವಿ ಕೇಳಿಸುವುದಿಲ್ಲವೇ?

"ಸಾರಿ ಚೇಟ್ಟಾ," ಎಂದಳು ಕೃಪಾ. ಒಂದು ಕೈ ತಾನಾಗಿಯೇ ಎಡಗಿವಿಗೆ ಹೋಗಿತ್ತು. "ತಪ್ಪು ನಂದೇ."

ಆ ಸಂಜೆಯೂ ಹೀಗೇ, ಅಡುಗೆಮನೆಯ ನೆಲದ ಮೇಲೆ ಕುಳಿತು, ಕಿವಿ ಮುಚ್ಚಿಕೊಂಡು, ಇದೇ ಮಾತು ಹೇಳಿದ್ದಳು. ಬಾಗಿಲಲ್ಲಿ ನಿಂತ ದಾಕ್ಷಾಯಣಮ್ಮ ತುಟಿ ಬಿಚ್ಚಿರಲಿಲ್ಲ.

"ನಿಂದಲ್ಲ!" ದಂಡೆಯ ಜನರೆಲ್ಲ ತಿರುಗಿ ನೋಡುವಂತೆ ಅವರು ಕೂಗಿದರು. "ನಿಂದಲ್ಲ ಕಣೇ ತಪ್ಪು! ಇನ್ನೊಂದ್ಸಲ ಆ ಮಾತು ಆಡಿದ್ರೆ ನಾನೇ ಕಪಾಳಕ್ಕೆ..." ನಾಲಿಗೆ ಕಚ್ಚಿಕೊಂಡರು. ಕೃಪಾಳ ಎಡಕ್ಕೆ ಬಂದು ನಿಂತರು. ಅವಳ ತೋಳು ಹಿಡಿದು ಬಂದ ದಾರಿಯಲ್ಲೇ ದರದರ ನಡೆದರು.

ಅಂಚೆ ಕಚೇರಿಯಲ್ಲಿ ಕೌಂಟರು ಮುಚ್ಚುವ ಹೊತ್ತು. ಲಕೋಟೆ ಹೊರಗೆ ಬಂತು. ಫೋನು ಮತ್ತೆ ಹೊಡೆದುಕೊಂಡಿತು. ದಾಕ್ಷಾಯಣಮ್ಮ ಅದರ ಸ್ಪೀಕರ್ ಒತ್ತಿ ಕಟ್ಟೆಯ ಮೇಲಿಟ್ಟರು.

"ಅಂಚೆ ಕಚೇರೀಲಿದ್ದೀನಿ ಕಣೋ," ಎಂದರು. "ಹೇಳು, ಎಲ್ರೂ ಕೇಳ್ಲಿ."

"ಅಮ್ಮಾ, ಒಂಬತ್ತು ತಿಂಗಳು ಹೊತ್ತು ಹೆತ್ತಿದ್ದು ನನ್ನನ್ನ, ಆ ಸೊಸೇನಲ್ಲ!" ಎಂದು ರಾಜೀವ ಅರಚುತ್ತಿದ್ದಂತೆಯೇ ದಾಕ್ಷಾಯಣಮ್ಮ ಲಕೋಟೆಯನ್ನು ಕಿಂಡಿಯೊಳಗೆ ತಳ್ಳಿದರು.