ಅತ್ತೆ ತಿದ್ದಿದ ನೋಟ್‌ಬುಕ್ಕು

“ಎಲ್ಲರೂ ಹಿಂದೆ ಕೂತಿರೋರ ಜೊತೆ ನೋಟ್‌ಬುಕ್ ಬದಲಾಯಿಸ್ಕೊಳ್ಳಿ. ಇವತ್ತು ತಿದ್ದೋದು ನಾನಲ್ಲ, ನೀವೇ,” ಎಂದು ಮೇಘಶ್ರೀ ಹೇಳಿದ ಕೂಡಲೇ ಭೂಮಿಕಾ ತನ್ನ ನೋಟ್‌ಬುಕ್ಕಿನ ಮೇಲೆ ಎರಡೂ ಅಂಗೈ ಊರಿ ಕೂತುಬಿಟ್ಟಳು. ಅವಳ ಹಿಂದೆ ಕೂತಿದ್ದವಳು ಅತ್ತೆ ಅಕ್ಕಯಮ್ಮ.

“ಮಿಸ್, ನಂದಿನ್ನೂ ಮುಗಿದಿಲ್ಲ.”

“ಐದು ವಾಕ್ಯ ತಾನೆ? ಎಷ್ಟಾಗಿದ್ಯೋ ಅಷ್ಟು ಕೊಡಿ.”

“ಕೊಡಮ್ಮಿ ಇಲ್ಲಿ. ನಾನೇನು ತಿಂದ್ಕೊಂಬುಡ್ತೀನಾ?” ಅಕ್ಕಯಮ್ಮ ಮುಂದೆ ಬಾಗಿ ನೋಟ್‌ಬುಕ್ ಎಳೆದುಕೊಂಡಳು.

ಬಾಗಲೂರಿನ ಹಾಲಿನ ಸೊಸೈಟಿಯ ಮೇಲಿನ ಕೋಣೆಯಲ್ಲಿ ವಾರಕ್ಕೆ ಮೂರು ಮಧ್ಯಾಹ್ನ ನಡೆಯುವ ಇಂಗ್ಲಿಷ್ ಕ್ಲಾಸು ಅದು. ಅಕ್ಕಯಮ್ಮ ಕಾವಲಿಗೆಂದು ಬಂದವಳು. “ಅಮ್ಮ ಜೊತೆಗೆ ಹೋದ್ರೆ ಹೋಗ್ಲಿ” ಎಂಬ ಮಾತಿನ ಮೇಲೇ ಮಗ ಕುಮಾರೇಶ ಹೆಂಡತಿಯನ್ನು ಕಳಿಸಲು ಒಪ್ಪಿದ್ದ. ಸುಮ್ಮನೆ ಕೂತರೆ ತೂಕಡಿಕೆ ಬರುತ್ತದೆಂದು ಮುದುಕಿ ತನಗೂ ಒಂದು ನೋಟ್‌ಬುಕ್ ತರಿಸಿಕೊಂಡಳು. ಎಂಟು ತಿಂಗಳಾಗಿತ್ತು. ಈಗ ಶಾಂಪೂ ಪೊಟ್ಟಣ, ಗೊಬ್ಬರದ ಚೀಲ, ಫ್ಯಾಕ್ಟರಿ ಬಸ್ಸಿನ ಹಣೆ, ಕಣ್ಣಿಗೆ ಬಿದ್ದದ್ದನ್ನೆಲ್ಲ ಕೂಡಿಸಿ ಕೂಡಿಸಿ ಓದುವ ಚಟ ಹಿಡಿದಿತ್ತು.

ಅಂದಿನ ಪಾಠ ಎರಡು ಮಾತನ್ನು ಜೋಡಿಸುವುದು. ಆ್ಯಂಡ್, ಬಟ್, ಸೋ, ಬಿಕಾಸ್. ಕಾಮಾ ಎಲ್ಲಿ ಬಿಟ್ಟುಹೋಗಿದೆ, ಚುಕ್ಕೆ ಎಲ್ಲಿಲ್ಲ, ಸ್ಪೆಲ್ಲಿಂಗ್ ಎಲ್ಲಿ ತಪ್ಪಿದೆ ನೋಡಿ ಕೆಂಪು ಪೆನ್ನಿನಲ್ಲಿ ತಿದ್ದಬೇಕು. ಅಕ್ಕಯಮ್ಮ ಬೆರಳಿಟ್ಟು ಹೊರಟಳು. ಮೊದಲನೆಯದು, ನಾವು ಗುಲಾಬಿ ಕೊಯ್ಯುತ್ತೇವೆ ಮತ್ತು ಕಟ್ಟು ಕಟ್ಟುತ್ತೇವೆ. ಸರಿ. ಎರಡನೆಯದರಲ್ಲಿ ಒಂದು ಕಾಮಾ ಹಾಕಿದಳು. ಮೂರನೆಯದರಲ್ಲಿ ಭಾನುವಾರದ ಸ್ಪೆಲ್ಲಿಂಗ್ ತಿದ್ದಿದಳು.

ನಾಲ್ಕನೆಯದರಲ್ಲಿ ಬೆರಳು ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಬಂತು. ‘ನನಗೆ ಮೂಕಂಡಪಲ್ಲಿ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿದೆ, ಆದರೆ ಗಂಡನಿಗೂ ಅತ್ತೆಗೂ ಹೇಳಿಲ್ಲ.’ ಐದನೆಯದು, ‘ಸೋಮವಾರ ಸೇರದಿದ್ದರೆ ಬೇರೆಯವರಿಗೆ ಕೊಡುತ್ತಾರೆ, ಆದ್ದರಿಂದ ನನಗೆ ನಿದ್ದೆ ಬರುತ್ತಿಲ್ಲ.’ ಎಲ್ಲ ನೋಟ್‌ಬುಕ್ಕುಗಳನ್ನೂ ಮೇಘಶ್ರೀ ಸ್ಕೂಟರಿನಲ್ಲಿ ಹೇರಿಕೊಂಡು ಹೋಗಿ ಮನೆಯಲ್ಲಿ ತಿದ್ದಿ ತರುತ್ತಿದ್ದಳು. ಇವತ್ತೂ ಹಾಗೇ ಎಂದುಕೊಂಡು ಬರೆದಿದ್ದಳು ಹುಡುಗಿ.

ಯಾರನ್ನೂ ಕೇಳದೆ ಓದಿಬಿಟ್ಟೆನಲ್ಲ ಎಂದು ಅಕ್ಕಯಮ್ಮನಿಗೆ ಮೊದಲು ಹೆಮ್ಮೆಯಾಯಿತು. ಅದರ ಬೆನ್ನಿಗೇ ಸಿಟ್ಟು ಬಂತು. ಆಮೇಲೆ ಮನೆಯ ಗುಲಾಬಿ ಶೆಡ್ಡು ಕಣ್ಣ ಮುಂದೆ ಬಂತು. ಇಪ್ಪತ್ತಿಪ್ಪತ್ತು ಕಡ್ಡಿ ಜೋಡಿಸಿ ಕಾಗದ ಸುತ್ತುವ ಕೆಲಸ ಇಬ್ಬರು ಕೂತರೆ ಊಟದ ಹೊತ್ತಿಗೆ ಮುಗಿಯುತ್ತದೆ. ಒಬ್ಬಳೇ ಕೂತರೆ ಹೊತ್ತು ಮುಳುಗುತ್ತದೆ. ಕ್ಲಾಸಿಗೆ ಬರಲು ಮಧ್ಯಾಹ್ನ ಅನ್ನುವುದೇ ಇರುವುದಿಲ್ಲ.

“ಅಕ್ಕಯಮ್ಮನೋರೇ, ಸೊಸೆ ಬರೆದಿರೋದು ಒಂದು ಓದಿ ನೋಡೋಣ. ‘ಬಟ್’ ಇರೋ ವಾಕ್ಯ.”

ಭೂಮಿಕಾ ತಲೆ ತಗ್ಗಿಸಿದಳು. ಕೋಣೆಯಲ್ಲಿದ್ದ ಹದಿನಾಲ್ಕು ಜನರಲ್ಲಿ ಅರ್ಧ ಜನ ಕುಮಾರೇಶನಿಗೆ ಒಂದಲ್ಲ ಒಂದು ಕಡೆಯಿಂದ ನೆಂಟರು.

“ಬಟ್ಟು ಇರೋದ್ರಲ್ಲಿ ತಪ್ಪು ಜಾಸ್ತಿ ಐತೆ ಮಿಸ್ಸು, ನನ್ ಕೈಲಿ ಓದಕ್ಕಾಗಲ್ಲ. ಗುಲಾಬಿದು ಓದ್ತೀನಿ,” ಎಂದು ಅಕ್ಕಯಮ್ಮ ಮೊದಲನೆಯದನ್ನೇ ಗಟ್ಟಿಯಾಗಿ ಓದಿದಳು.

“ಅತ್ತೆ ಅಂದ್ಮೇಲೆ ಸೊಸೆ ತಪ್ಪು ಹುಡುಕ್ದೆ ಬಿಡ್ತಾಳಾ!” ಎಂದಳು ಕಿಟಕಿ ಪಕ್ಕದ ಮಾಲಾ. ಎಲ್ಲರೂ ನಕ್ಕರು. ಅಕ್ಕಯಮ್ಮನೂ ನಕ್ಕಳು. ಐದನೆಯ ವಾಕ್ಯದ ಕೊನೆಗೆ ಚುಕ್ಕೆ ಇರಲಿಲ್ಲ. ಒತ್ತಿ ಇಟ್ಟಳು.

ಕ್ಲಾಸು ಬಿಟ್ಟು ಎಲ್ಲರೂ ಏಳುವಾಗ ಭೂಮಿಕಾ ನೋಟ್‌ಬುಕ್ಕಿಗೆ ಕೈ ಚಾಚಿ ಅಲ್ಲೇ ನಿಂತಳು.

“ಅತ್ತೆ...”

“ಈ ಸೋಮವಾರಾನೆ?”

“ಹೂಂ. ಏಳೂವರೆಗೆ ಬಸ್ಸು ಬತ್ತದಂತೆ.”

“ನನ್ನತ್ರ ಬಾಯ್ಬಿಟ್ಟು ಹೇಳಕ್ಕೇನಾಗಿತ್ತು?”

“ಬ್ಯಾಡ ಅಂದ್ಬುಟ್ರೆ ಅಂತ ಭಯ ಆಯ್ತತ್ತೆ.”

“ಅಂತಿದ್ದೆ,” ಎಂದಳು ಅಕ್ಕಯಮ್ಮ. “ಬಾಯಲ್ಲಿ ಹೇಳಿದ್ರೆ ಅಂತಾನೇ ಇದ್ದೆ. ನಿದ್ದೆ ಇಲ್ಲ ಅಂತ ಬೇರೆ ಬರ್ದಿದ್ದೀಯ. ಕುಮಾರೇಶಂಗೆ ನಾನು ಹೇಳ್ತೀನಿ. ಅವನು ಕೂಗಾಡ್ತಾನೆ, ಕೂಗಾಡ್ಲಿ. ನೀನು ಮಧ್ಯ ಬಾಯಿ ಹಾಕ್ಬ್ಯಾಡ. ಹೋಗು, ಚಪ್ಪಲಿ ಹಾಕ್ಕೋ, ಬಂದೆ.”

ಸೊಸೆ ಮೆಟ್ಟಿಲಿಳಿಯುವವರೆಗೂ ಕಾದು, ಕೆಂಪು ಪೆನ್ನನ್ನು ಮೇಜಿನ ಮೇಲಿಟ್ಟಳು.

“ಸೋಮವಾರದಿಂದ ನಾನು ಬರಲ್ಲ ಮಿಸ್ಸು. ಹೂವಿನ ಕೆಲಸಕ್ಕೆ ಮನೇಲಿ ಇನ್ಯಾರೂ ಇರಲ್ಲ.”

“ಅಯ್ಯೋ, ಇದೇನಮ್ಮಾ? ಈಗ ತಾನೆ ಓದೋಕೆ ಬಂತಲ್ಲ ನಿಮಗೆ!”

“ಬಂತಲ್ಲಮ್ಮ,” ಎಂದಳು ಅಕ್ಕಯಮ್ಮ, “ಅದಕ್ಕೇ.”